ಉಬರ್ ಮೀನಿಗೆ ಬಲೆ ಹಾಕುವ ಮೊದಲು

ಮಳೆಗಾಲ ಶುರುವಾದರೆ ಸಾಕು, ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಉಬರ್ ಮೀನಿನ ಫೋಟೋಗಳದ್ದೇ ಜಾತ್ರೆ. ತೋಡಿಗೆ ಅಡ್ಡ ಬಲೆ, ಚೀಲ ತುಂಬ ಮುಗುಡು, ಕೆಳಗೆ ನೂರು ಲೈಕು. ಇದು ಕೇರಳದಲ್ಲಿ ಅಪರಾಧ ಅಂತ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತುಂಟು?

ಮಲಯಾಳದಲ್ಲಿ ಇದಕ್ಕೆ ಊತ್ತ ಅಂತಾರೆ, ಮಲೆನಾಡಿನವರು ಹತ್ತು ಮೀನು ಅಂತಾರೆ. ಮೊದಲ ಮಳೆಗೆ ಮೀನು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತುವುದು ಮೊಟ್ಟೆ ಇಡಲಿಕ್ಕೆ. ಆ ದಾರಿ ಕಟ್ಟಿ ಹಿಡಿದರೆ 2010ರ ಕೇರಳ ಒಳನಾಡು ಮೀನುಗಾರಿಕೆ ಮತ್ತು ಜಲಕೃಷಿ ಕಾಯ್ದೆ ಪ್ರಕಾರ 15,000 ರೂಪಾಯಿ ವರೆಗೆ ದಂಡ, ಆರು ತಿಂಗಳ ವರೆಗೆ ಜೈಲು. ಕರೆಂಟ್ ಕೊಟ್ಟು ಹಿಡಿಯುವುದೂ ಅಪರಾಧವೇ. ತೋಟೆ, ವಿಷ ಹಾಕುವುದನ್ನಂತೂ ಬ್ರಿಟಿಷರ 1897ರ ಕಾಯ್ದೆಯೇ ನಿಷೇಧಿಸಿತ್ತು.

"ಅಜ್ಜನ ಕಾಲದಿಂದ ಹಿಡೀತಾ ಇದ್ದೇವೆ, ಈಗ ಎಂತ ಕಾನೂನು ಮಾರಾಯ?" ಅಂತ ಕೇಳುವವರಿದ್ದಾರೆ. ಸರಿ. ಆದರೆ ಅಜ್ಜನ ಕಾಲದಲ್ಲಿ ಬೈಲು ತುಂಬ ಗದ್ದೆ ಇತ್ತು. ಹತ್ತು ಮೀನು ಹಿಡಿದರೂ ನೂರು ಮೀನು ಮೇಲೆ ಹೋಗ್ತಿತ್ತು. ಈಗ ಗದ್ದೆ ಅಡಿಕೆ ತೋಟವಾಗಿದೆ, ಇಲ್ಲವೇ ಮಣ್ಣು ತುಂಬಿ ಸೈಟಾಗಿದೆ. ಉಳಿದ ಒಂದು ತೋಡಿಗೂ ಅಡ್ಡ ಬಲೆ ಕಟ್ಟಿದರೆ ಮೀನು ಎಲ್ಲಿಗೆ ಹೋಗಬೇಕು?

ಬ್ಯಾಂಕಿನಲ್ಲಿ ಕೂತು ನಾನು ದಿನಾ ಹೇಳುವ ಮಾತು: ಬಡ್ಡಿ ತೆಗೆಯಿರಿ, ಅಸಲು ಮುಟ್ಟಬೇಡಿ. ಹೊಟ್ಟೆಯಲ್ಲಿ ಸಾವಿರಾರು ಮೊಟ್ಟೆ ಇಟ್ಟುಕೊಂಡು ಹತ್ತುವ ಮುಗುಡು ನಮ್ಮ ಅಸಲು.

ಹಾಗಂತ ಸರಕಾರದ ಲೆಕ್ಕವೂ ಸರಿ ಇರಬೇಕಲ್ವಾ? ಗದ್ದೆ ಉಳಿಸಲು 2008ರ ಕಾಯ್ದೆ ಉಂಟು. ಬಲೆ ಹಾಕಿದ ಬಡವನಿಗೆ ದಂಡ ಹಾಕಿ, ಗದ್ದೆಗೆ ಮಣ್ಣು ಹಾಕಿದವನನ್ನು ಬಿಟ್ಟರೆ ಮೀನು ಉಳಿಯುವುದಿಲ್ಲ.

ಇನ್ನೊಂದು ಮಾತು. ಸುಳ್ಯ ದಾಟಿ ಬರುವ ಪಯಸ್ವಿನಿ ಇಲ್ಲಿ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ಅಲ್ಲಿ ಕರ್ನಾಟಕದ 1996ರ ಕಾಯ್ದೆ, ಇಲ್ಲಿ ಕೇರಳದ್ದು. ಮೀನಿಗೆ ಗಡಿ ಗೊತ್ತಿಲ್ಲ. ಎರಡೂ ಇಲಾಖೆಯವರು ಒಟ್ಟಿಗೆ ಕೂತು ಒಂದೇ ನಿಯಮ ಮಾಡಲಿ. ಅದೇ ಸುಳ್ಯ ತಾಲೂಕಿನ ತೊಡಿಕಾನದಲ್ಲಿ ದೇವಸ್ಥಾನದ ಹತ್ತಿರದ ಹೊಳೆಯ ಮೀನನ್ನು ದೇವರ ಮೀನು ಅಂತ ಯಾರೂ ಮುಟ್ಟುವುದಿಲ್ಲ. ಅಲ್ಲಿ ಪೊಲೀಸರು ಕಾಯಬೇಕಾಗಿಲ್ಲ, ಊರೇ ಕಾಯುತ್ತದೆ.

ಊರು ಕಾಯಬೇಕಾದರೆ ಊರಿಗೆ ನಿಯಮ ಅರ್ಥವಾಗಬೇಕು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ನಮಗೆ ಕೊಟ್ಟಿದೆ. ಅದನ್ನು ಬಳಸೋಣ. ಮೇ ತಿಂಗಳು ಮುಗಿಯುವ ಮೊದಲು ಪ್ರತಿ ವಾರ್ಡಿನಲ್ಲೂ ಈ ನಿಷೇಧದ ಕನ್ನಡ ನೋಟಿಸ್ ಹಾಕಿ ಅಂತ ಪಂಚಾಯತಿಗೆ, ಮೀನುಗಾರಿಕಾ ಇಲಾಖೆಗೆ ಕನ್ನಡದಲ್ಲೇ ಅರ್ಜಿ ಕೊಡಿ.

ಮತ್ತೆ ಈ ವರ್ಷ ಮೊದಲ ಮಳೆಗೆ ಬಲೆ ಅಟ್ಟದಲ್ಲೇ ಇರಲಿ.