ನೆಟ್ಟ ಸಸಿಯ ಲೆಕ್ಕ ಕೊಡುವವರು ಯಾರು?

ಜೂನ್ 5 ಬಂತೆಂದರೆ ನಮ್ಮ ತುರ್ವಿಹಾಳ, ಸಿಂಧನೂರು, ಮಸ್ಕಿ ಭಾಗದಲ್ಲಿ ಸಸಿಗಳಿಗೆ ಹಬ್ಬ. ಶಾಲೆ, ಕಾಲೇಜು, ಕಚೇರಿ, ಗುಡಿ, ಚರ್ಚು ಎಲ್ಲ ಕಡೆ ಗುಂಡಿ ತೋಡುತ್ತಾರೆ, ಸಸಿ ನೆಡುತ್ತಾರೆ, ಹತ್ತು ಜನ ಒಂದೇ ಸಸಿಗೆ ಕೈ ಹಚ್ಚಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಆ ವಾರ ರಾಯಚೂರು ಜಿಲ್ಲೆಯ ಬಿಸಿಲು ಇನ್ನೂ ಇಳಿದಿರುವುದಿಲ್ಲ. ನಮ್ಮಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ. ಅಷ್ಟರವರೆಗೆ ನೀರು ಹಾಕುವವರಿಲ್ಲದೆ ಬಹಳಷ್ಟು ಸಸಿಗಳು ಒಣಗುತ್ತವೆ. ಮುಂದಿನ ವರ್ಷ ಅದೇ ಗುಂಡಿಯಲ್ಲಿ ಹೊಸ ಸಸಿ, ಹೊಸ ಫೋಟೊ. ಹೋದ ವರ್ಷದ್ದು ಏನಾಯಿತು ಎಂದು ಯಾರೂ ಕೇಳುವುದಿಲ್ಲ.

ನಾನು ತುರ್ವಿಹಾಳದವನು. ಬಿ.ಇ. ಸಿವಿಲ್ ಓದುತ್ತಿದ್ದೇನೆ. ಭಾನುವಾರ ಚರ್ಚಿಗೆ ಹೋಗುವ ಕುಟುಂಬ ನಮ್ಮದು. ಕನ್ನಡ ಬೈಬಲ್‌ನಲ್ಲಿ ‘ಮನೆವಾರ್ತೆಯವನು’ ಎಂಬ ಪದ ಬರುತ್ತದೆ. ಯಜಮಾನನ ಆಸ್ತಿಯನ್ನು ಅವನ ಪರವಾಗಿ ನೋಡಿಕೊಳ್ಳುವವನು ಎಂದು ಅರ್ಥ. ಹೊಲ ಅವನದಲ್ಲ, ಕಣಜವೂ ಅವನದಲ್ಲ, ಆದರೆ ಎರಡನ್ನೂ ಕಾಯುವ ಹೊಣೆ ಅವನದು. ಲೂಕನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಅಂಥ ಒಬ್ಬನನ್ನು ಯಜಮಾನ ಕರೆಸಿ, ನಿನ್ನ ಲೆಕ್ಕ ಒಪ್ಪಿಸು ಎನ್ನುತ್ತಾನೆ. ಭೂಮಿಯ ವಿಷಯದಲ್ಲಿ ಮನುಷ್ಯನ ಸ್ಥಾನವೂ ಅದೇ ಎಂದು ಕ್ರೈಸ್ತರು ನಂಬುತ್ತಾರೆ. ಪರಿಸರದ ಬಗ್ಗೆ ಪ್ರೀತಿಯ ಮಾತು ನಮ್ಮಲ್ಲಿ ಬೇಕಾದಷ್ಟಿದೆ, ಲೆಕ್ಕ ಮಾತ್ರ ಇಲ್ಲ ಎಂಬುದೇ ನನ್ನ ತಕರಾರು.

ಈ ನಂಬಿಕೆಯ ಮೇಲೆ ದೊಡ್ಡ ಆರೋಪವೊಂದು ಬಂದಿತ್ತು. 1967ರಲ್ಲಿ ಅಮೆರಿಕದ ಇತಿಹಾಸಕಾರ ಲಿನ್ ವೈಟ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಪ್ರಕೃತಿ ಇರುವುದೇ ಮನುಷ್ಯನಿಗಾಗಿ ಎಂಬ ಪಾಶ್ಚಾತ್ಯ ಕ್ರೈಸ್ತ ಧೋರಣೆಯಲ್ಲೇ ಪರಿಸರ ಬಿಕ್ಕಟ್ಟಿನ ಬೇರಿದೆ ಎಂಬುದು ಅವರ ವಾದ. ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಭೂಮಿಯನ್ನು ಆಳುವ ಮಾತಿದೆ. ಆದರೆ ಎರಡನೇ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅಲ್ಲಿ ದುಡಿಯಲು ಮತ್ತು ಅದನ್ನು ಕಾಯಲು. ಆಳುವ ಮಾತನ್ನು ನೆನಪಿಟ್ಟುಕೊಂಡವರು ಕಾಯುವ ಮಾತನ್ನು ಮರೆತರು. ಅದೇ ಲೇಖನದಲ್ಲಿ ವೈಟ್ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರದ ಸಂತನೆಂದು ಸೂಚಿಸಿದ್ದರು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದನ್ನೇ ಅಧಿಕೃತವಾಗಿ ಘೋಷಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ‘ಲೌದಾತೊ ಸೀ’ ಎಂಬ ಪತ್ರದಲ್ಲಿ ಭೂಮಿಯ ಕೂಗು ಮತ್ತು ಬಡವರ ಕೂಗು ಬೇರೆ ಬೇರೆಯಲ್ಲ ಎಂದರು.

ಈ ಮಾತು ರೋಮ್‌ಗಿಂತ ಹೆಚ್ಚು ನಮ್ಮ ಸಿಂಧನೂರು ತಾಲ್ಲೂಕಿಗೆ ಹೊಂದುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿಯಿತು. ಎಡದಂಡೆ ಕಾಲುವೆಯ ನೀರು ಬರಗಾಲದ ನಾಡನ್ನು ಭತ್ತದ ನಾಡಾಗಿ ಮಾಡಿತು. ಕಾಲುವೆಯನ್ನು ಯೋಜಿಸಿದ್ದು ಬಹುಪಾಲು ಕಡಿಮೆ ನೀರು ಕೇಳುವ ಬೆಳೆಗಳಿಗೆ. ಬೆಳೆದದ್ದು ಭತ್ತ. ಮೇಲ್ಭಾಗದ ಗದ್ದೆಯಲ್ಲಿ ನೀರು ನಿಂತರೆ ಕೊನೆಭಾಗದ ಹೊಲಕ್ಕೆ ನೀರು ಮುಟ್ಟುವುದಿಲ್ಲ. ನೀರು ನಿಂತ ಕಡೆಯೂ ನೆಮ್ಮದಿಯಿಲ್ಲ. ಕಪ್ಪು ಮಣ್ಣಿನಲ್ಲಿ ನೀರು ಬಸಿದು ಹೋಗದೆ ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮಣ್ಣಿನ ಮೇಲೆ ಉಳಿಯುತ್ತದೆ. ಸವಳು, ಜವಳು ಎಂಬ ಎರಡು ಪದ ನಮ್ಮ ಭಾಗದ ಪ್ರತಿ ರೈತನಿಗೂ ಗೊತ್ತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ಮಣ್ಣಿನ ಮೇಲೆಯೇ ಕೆಲಸ ಮಾಡುತ್ತಿದೆ.

ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಏಳನೇ ವರ್ಷ ನೆಲಕ್ಕೆ ವಿಶ್ರಾಂತಿ ಕೊಡಬೇಕೆಂಬ ಕಟ್ಟಳೆ ಇದೆ. ನಾವು ಕಾಲುವೆಯಲ್ಲಿ ನೀರಿದ್ದರೆ ವರ್ಷಕ್ಕೆ ಎರಡು ಭತ್ತ ತೆಗೆಯುತ್ತೇವೆ. ಸಾಲ ಹೊತ್ತ ರೈತನಿಗೆ ಏಳನೇ ವರ್ಷ ಬೀಳು ಬಿಡು ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಎರಡು ಭತ್ತದ ನಡುವೆ ಡಯಾಂಚ ಬಿತ್ತಿ ಮಣ್ಣಿಗೆ ಸೇರಿಸುವುದು, ಒಂದು ಹಂಗಾಮು ಕಡಲೆಗೋ ಜೋಳಕ್ಕೋ ಬದಲಾಯಿಸುವುದು ಕೂಡ ನೆಲಕ್ಕೆ ಕೊಡುವ ವಿಶ್ರಾಂತಿಯೇ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ನೆಲವನ್ನು ಕಾಯಿರಿ ಎಂದು ಯಾರಿಗೆ ಹೇಳುತ್ತಿದ್ದೇವೆ? ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಅನೇಕವು ದಲಿತ ಕೂಲಿ ಕುಟುಂಬಗಳು. ಇನ್ನೊಬ್ಬರ ಗದ್ದೆಯಲ್ಲಿ ನಾಟಿ ಹಚ್ಚುತ್ತಾರೆ, ಕಳೆ ಕೀಳುತ್ತಾರೆ, ಔಷಧಿ ಹೊಡೆಯುತ್ತಾರೆ. ಸ್ವಂತಕ್ಕೆ ಒಂದು ಗುಂಟೆಯೂ ಇಲ್ಲ. ಕೊಯ್ಲಾದ ಹೊಲದ ಹಕ್ಕಲನ್ನು ಬಡವರಿಗೆ ಬಿಡಬೇಕೆಂದು ಬೈಬಲ್ ಹೇಳುತ್ತದೆ. ಕೊಯ್ಲಿನ ಯಂತ್ರ ಬಂದ ಮೇಲೆ ಕೊಯ್ಲಿನ ಕೂಲಿಯೂ ಕಡಿಮೆಯಾಯಿತು. ಊರ ಸುತ್ತ ಹಸಿರೋ ಹಸಿರು, ಆದರೆ ಸೊಪ್ಪು ತರಕಾರಿಗೆ ಸಂತೆಗೇ ಹೋಗಬೇಕು. ಮನೆಗಳು ಒತ್ತಾದಂತೆ ಪುಂಡಿಪಲ್ಯ, ರಾಜಗಿರಿ, ಹೀರೇಕಾಯಿ ಬೆಳೆಯುತ್ತಿದ್ದ ಹಿತ್ತಲುಗಳೂ ಹೋದವು.

ಆದ್ದರಿಂದ ನನ್ನ ಸಲಹೆ ಸರಳ. ಜಾಗವಿರುವ ಪ್ರತಿ ಚರ್ಚು ತನ್ನ ಆವರಣದಲ್ಲಿ ಒಂದು ಗುಂಟೆಯನ್ನಾದರೂ ಸಮುದಾಯ ತೋಟಕ್ಕೆ ಬಿಡಲಿ. ನೆಲವಿಲ್ಲದ ಕುಟುಂಬಕ್ಕೆ ಅದರಲ್ಲಿ ಒಂದು ಮಡಿ. ಯಾವ ಧರ್ಮದವರು ಎಂದು ಕೇಳುವುದು ಬೇಡ. ಲಿಂಗಸುಗೂರು ತಾಲ್ಲೂಕಿನ ಮುದಗಲ್‌ನಲ್ಲಿ 16ನೇ ಶತಮಾನದಿಂದ ಕ್ರೈಸ್ತರು ನೆರೆಹೊರೆಯವರೊಂದಿಗೆ ಬಾಳಿಕೊಂಡು ಬಂದಿದ್ದಾರೆ. ಒಂದೇ ಮಳೆ, ಒಂದೇ ಬರ ಉಂಡವರು ಒಂದೇ ತೋಟದ ಸೊಪ್ಪನ್ನೂ ಉಣ್ಣಬಹುದು.

ನೀರೆಲ್ಲಿದೆ ಎಂದು ಕೇಳುತ್ತೀರಿ. ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ಉತ್ತರಿಸುತ್ತೇನೆ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಭಾಗದ ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. 100 ಚದರ ಮೀಟರ್ ಚಾವಣಿಯಿಂದ, ಐದನೇ ಒಂದು ಭಾಗ ಪೋಲಾದರೂ 48,000 ಲೀಟರ್ ಸಿಗುತ್ತದೆ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಅಷ್ಟು ತರಕಾರಿಗೆ ದಿನಕ್ಕೆ 400ರಿಂದ 500 ಲೀಟರ್ ಬೇಕು. ಅಂದರೆ ಚಾವಣಿಯ ನೀರು ಸುಮಾರು 100 ದಿನಕ್ಕೆ ಸಾಲುತ್ತದೆ. ಅಷ್ಟೂ ನೀರಿಗೆ ತೊಟ್ಟಿ ಕಟ್ಟುವುದು ದುಬಾರಿ. ಆದರೆ 10,000 ಲೀಟರ್ ತೊಟ್ಟಿ ಮಳೆಗಾಲದಲ್ಲಿ ಮತ್ತೆ ಮತ್ತೆ ತುಂಬುತ್ತದೆ, ಮಳೆ ಕೈಕೊಟ್ಟಾಗ 20 ದಿನ ತೋಟವನ್ನು ಉಳಿಸುತ್ತದೆ. ಮಡಿಗೆ ಹುಲ್ಲಿನ ಹೊದಿಕೆ ಹಾಕಿದರೆ ಇನ್ನೂ ಕೆಲವು ದಿನ.

ನಂತರ ಬೇಕಾದದ್ದು ಒಂದು ನೂರು ಪುಟದ ನೋಟ್‌ಬುಕ್. ನೆಟ್ಟದ್ದು ಎಷ್ಟು, ಬದುಕಿದ್ದು ಎಷ್ಟು, ನೀರು ಎಷ್ಟು ಹಾಕಿದೆವು, ಯಾವ ಮನೆಗೆ ಎಷ್ಟು ಸೊಪ್ಪು ಹೋಯಿತು, ಮಣ್ಣು ಪರೀಕ್ಷೆಯಲ್ಲಿ ಉಪ್ಪಿನಂಶ ಎಷ್ಟು ಬಂತು ಎಂದು ಅದರಲ್ಲಿ ಬರೆಯಬೇಕು. ಆರು ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದಬೇಕು. ಸತ್ತ ಸಸಿಯ ಸಂಖ್ಯೆಯನ್ನೂ ಓದಬೇಕು. ಆಗ ಮಾತ್ರ ಅದು ಮನೆವಾರ್ತೆ.

ಲೆಕ್ಕ ಇಡುವುದು ಭಕ್ತಿಗೆ ಹೊರತಾದ ಕೆಲಸ ಎಂದು ಯಾರಾದರೂ ಅಂದರೆ ಒಬ್ಬ ಪಾದ್ರಿಯ ಹೆಸರು ಹೇಳುತ್ತೇನೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನ್ಹಾ ಸಸ್ಯಶಾಸ್ತ್ರಜ್ಞರಾಗಿದ್ದರು. ಅಮೆರಿಕದ ಡ್ಯಾನ್ ನಿಕೋಲ್ಸನ್ ಜೊತೆ ಅವರು ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1976ರಲ್ಲಿ ಬಂತು. ಬಳಿಕ ಇಡೀ ಕರ್ನಾಟಕದ ಸಸ್ಯಗಳನ್ನು ದಾಖಲಿಸಲು ಹೊರಟು, 1984ರಲ್ಲಿ ಮೊದಲ ಸಂಪುಟ ತಂದರು. ಕಾಡು, ಹಳ್ಳ, ಗುಡ್ಡ ಸುತ್ತಿ ಒಂದೊಂದೇ ಗಿಡದ ಹೆಸರು ಬರೆದುಕೊಳ್ಳುವುದು ಪ್ರಚಾರ ತರುವ ಕೆಲಸವಲ್ಲ. ಆದರೆ ಏನಿದೆ ಎಂದು ಗೊತ್ತಿಲ್ಲದಿದ್ದರೆ ಏನು ಕಳೆಯಿತು ಎಂದು ತಿಳಿಯುವುದು ಹೇಗೆ? ತುರ್ವಿಹಾಳದ ಸುತ್ತ ಬಳ್ಳಾರಿ ಜಾಲಿ ಹಬ್ಬುತ್ತಿರುವ ಹಳ್ಳದ ದಂಡೆಗಳಲ್ಲಿ ಇನ್ನೂ ಯಾವ ಗಿಡಗಳು ಉಳಿದಿವೆ? ಈ ಪಟ್ಟಿಯನ್ನು ನಾವೇ ಮಾಡಬಹುದು. ಅಜ್ಜಿಯರಿಗೆ ಹೆಸರು ಗೊತ್ತು, ನಮ್ಮ ಕೈಯಲ್ಲಿ ಮೊಬೈಲ್ ಇದೆ.

ಒಂದು ಗುಂಟೆ ಸೊಪ್ಪಿನಿಂದ ಕಾಲುವೆ ಪ್ರದೇಶದ ಸವಳು ಹೋಗುತ್ತದೆಯೇ ಎಂದು ಗೆಳೆಯರು ನಗುತ್ತಾರೆ. ಹೋಗುವುದಿಲ್ಲ. ಅದಕ್ಕೆ ಬಸಿಗಾಲುವೆ ಬೇಕು, ಸರ್ಕಾರದ ಹಣ ಬೇಕು, ಬೆಳೆ ಪದ್ಧತಿ ಬದಲಾಗಬೇಕು. ಆದರೆ ಒಂದು ಗುಂಟೆಗೆ ನೀರಿನ ಲೆಕ್ಕ ಇಟ್ಟವನು ನೀರಾವರಿ ಸಭೆಯಲ್ಲಿ ಎದ್ದು ನಿಂತು ಕಾಲುವೆಯ ಲೆಕ್ಕ ಕೇಳಬಲ್ಲ. ತಾನೇ ಲೆಕ್ಕ ಇಡದವನಿಗೆ ಕೇಳುವ ಬಾಯಿ ಇರುವುದಿಲ್ಲ.

ಪದವಿ ಮುಗಿಸಿ ಪರೀಕ್ಷೆಗಳ ಫಲಿತಾಂಶ ಕಾಯುತ್ತಿರುವ ಗೆಳೆಯರೇ, ಈ ತೋಟ ನಿಮಗೆ ನೌಕರಿ ಕೊಡುತ್ತದೆ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಕಾಯುವ ದಿನಗಳಲ್ಲಿ ಬೆಳಗಿನ ಒಂದು ತಾಸು ಕೊಟ್ಟರೆ ಮಣ್ಣು ಪರೀಕ್ಷೆ, ನೀರಿನ ಅಳತೆ, ಹತ್ತು ಮನೆಯವರನ್ನು ಕೂಡಿಸಿ ಕೆಲಸ ಮಾಡಿಸುವುದು ಕೈಗೆ ಬರುತ್ತದೆ. ಚರ್ಚುಗಳು ಸೆಪ್ಟೆಂಬರ್ 1ರಿಂದ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ‘ಸೃಷ್ಟಿಯ ಋತು’ ಆಚರಿಸುತ್ತವೆ. ನಮ್ಮ ಮಳೆಯೂ ಆಗಲೇ ಜೋರಾಗಿರುತ್ತದೆ. ಆ ಐದು ವಾರಗಳಲ್ಲಿ ನೆಡೋಣ. ನೂರು ಬೇಡ, ನೀರು ಹಾಕಲು ಆಗುವಷ್ಟು ಸಾಕು. ಚರ್ಚಿನಲ್ಲಿ ಆದದ್ದು ಗುಡಿಯ ಅಂಗಳದಲ್ಲಿ, ಮಸೀದಿಯ ಬಯಲಿನಲ್ಲಿ, ಹಾಸ್ಟೆಲ್‌ನ ಹಿಂದೆ ಆಗಬಾರದೆಂದೇನಿಲ್ಲ. ನೋಟ್‌ಬುಕ್ ಮಾತ್ರ ಎಲ್ಲ ಕಡೆ ಇರಲಿ.