ಪುಣಜನೂರಿನ ದಾರಿಯೂ ಗುಂಡಿ ಮುಚ್ಚುವ ವಿದ್ಯೆಯೂ

ನಾಗರಿಕತೆಯ ಮೇಲೆ ಭಾಷಣ ಮಾಡುವವರು ರೈಲು, ವಿಮಾನ, ರಾಕೆಟ್ಟುಗಳ ಮಾತನ್ನೆತ್ತುತ್ತಾರೆ. ರಸ್ತೆಯ ಗುಂಡಿಯ ಮಾತನ್ನು ಮಾತ್ರ ಎತ್ತುವುದಿಲ್ಲ. ಕಲಾ ವಿಭಾಗದ ವಿದ್ಯಾರ್ಥಿಗೆ ಡಾಂಬರಿನ ಗೊಡವೆ ಏಕೆಂದು ಕೇಳುವ ಮಿತ್ರರೂ ಇದ್ದಾರೆ. ದಾರಿಯಲ್ಲಿ ನಡೆಯುವವರೆಲ್ಲರಿಗೂ ದಾರಿಯ ಗೊಡವೆ ಇರಬೇಕೆಂಬುದೇ ಅವರಿಗೆ ನನ್ನ ಉತ್ತರ.

ಚಾಮರಾಜನಗರದಿಂದ ಅಟ್ಟುಗೂಳಿಪುರ, ಕೋಳಿಪಾಳ್ಯಗಳನ್ನು ದಾಟಿ ದಕ್ಷಿಣಕ್ಕೆ ಸಾಗುವ ಹೆದ್ದಾರಿಯಲ್ಲಿ, ರಾಜ್ಯದ ಗಡಿಗೆ ಮುನ್ನ ಬರುವ ಊರು ಪುಣಜನೂರು. ಅಲ್ಲಿಂದಾಚೆ ತಮಿಳುನಾಡಿನ ಹಾಸನೂರು, 27 ತಿರುವುಗಳ ದಿಂಬಂ ಘಟ್ಟ, ಸತ್ಯಮಂಗಲ, ಕೊಯಮತ್ತೂರು. ಹಿಂದೆ 209 ಎಂದಿದ್ದ ಈ ಹೆದ್ದಾರಿಯ ಸಂಖ್ಯೆ ಈಗ 948. ಊರಿನ ಸುತ್ತಲಿನ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆನಿಸಿದ ಬಿಳಿಗಿರಿರಂಗನ ಬೆಟ್ಟಕ್ಕೆ ಸೇರಿದ್ದು. ಸರಕಿನ ಲಾರಿಯೂ ಆನೆಯ ಹಿಂಡೂ ಒಂದೇ ದಾರಿಯನ್ನು ಹಂಚಿಕೊಳ್ಳಬೇಕಾದ ಸ್ಥಳವಿದು. ಸೋಲಿಗರ ಪೋಡುಗಳಿಂದ ಹೆರಿಗೆಗೆ ಹೊರಟವಳಿಗೂ, ಕಾಲೇಜಿಗೆ ಹೊರಟವನಿಗೂ ಜಿಲ್ಲಾ ಕೇಂದ್ರಕ್ಕೆ ಇದೇ ದಾರಿ.

ಇಂಥ ದಾರಿಯಲ್ಲಿ ಗುಂಡಿಯಿದ್ದರೇ ಒಳ್ಳೆಯದು, ವಾಹನಗಳು ನಿಧಾನವಾಗುತ್ತವೆ, ಪ್ರಾಣಿಗಳು ಉಳಿಯುತ್ತವೆ ಎಂಬ ವಾದವೊಂದುಂಟು. ಕಾಡಿನ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ವಾದವಾದ್ದರಿಂದ ಅದನ್ನು ನಗೆಯಾಡಿ ತಳ್ಳಿಬಿಡುವಂತಿಲ್ಲ. ಆದರೆ ಗುಂಡಿ ವಾಹನವನ್ನು ನಿಧಾನಗೊಳಿಸುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ತಿರುಗಿಸುತ್ತದೆ. ಅದನ್ನು ತಪ್ಪಿಸಲು ಚಾಲಕನು ಎದುರಿನವನ ದಾರಿಗೆ ನುಗ್ಗುತ್ತಾನೆ, ಇಲ್ಲವೆ ಅಂಚಿನ ಮಣ್ಣಿಗಿಳಿಯುತ್ತಾನೆ. ಮಳೆನೀರು ತುಂಬಿದ ಗುಂಡಿಯಂತೂ ಕಣ್ಣಿಗೆ ಕಾಣುವುದೇ ಇಲ್ಲ. ಅಚ್ಚು ಮುರಿದ ಲಾರಿ ಕಾಡಿನ ನಡುವೆ ರಾತ್ರಿಯೆಲ್ಲ ನಿಂತರೆ ಅದರಿಂದ ಆನೆಗೂ ಸುಖವಿಲ್ಲ, ಚಾಲಕನಿಗೂ ಇಲ್ಲ. ವೇಗವನ್ನು ತಗ್ಗಿಸಲು ಬೇರೆ ಮಾರ್ಗಗಳಿವೆ. ನಮ್ಮ ಜಿಲ್ಲೆಯ ಬಂಡೀಪುರದಲ್ಲಿ ರಸ್ತೆಗೆ ಉಬ್ಬುಗಳನ್ನು ಹಾಕಿದ್ದಾರೆ. 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನೂ ತಡೆದಿದ್ದಾರೆ. ದಿಂಬಂ ಘಟ್ಟದಲ್ಲಿ ರಾತ್ರಿಯ ಸಂಚಾರದ ನಿರ್ಬಂಧವನ್ನು ಜಾರಿಗೊಳಿಸಬೇಕೆಂದು ಮದ್ರಾಸ್ ಉಚ್ಚ ನ್ಯಾಯಾಲಯ 2022ರಲ್ಲಿ ಆದೇಶಿಸಿತು. ಇವು ಯೋಚಿಸಿ ಮಾಡಿದ ಏರ್ಪಾಡುಗಳು. ಗುಂಡಿಯಾದರೋ ಯಾರೂ ಯೋಚಿಸದೆ ಬಿಟ್ಟುದರ ಫಲ.

ಕಾಡಿನ ರಸ್ತೆಯನ್ನು ಹಿಗ್ಗಿಸಬಾರದೆಂಬುದು ನನಗೂ ಒಪ್ಪಿಗೆ. ಹಿಗ್ಗಿಸಬಾರದಾದರೆ ಇರುವುದನ್ನು ಚೆನ್ನಾಗಿ ಇಟ್ಟುಕೊಳ್ಳಬೇಕಲ್ಲವೆ?

ಗುಂಡಿಗೆ ಲಾರಿಯ ಭಾರವೇ ಮೂಲವೆಂದು ನಾವು ತಿಳಿಯುತ್ತೇವೆ. ಭಾರವೂ ಒಂದು ಕಾರಣವೇ. ಆದರೆ ಬಹುತೇಕ ಗುಂಡಿಗಳನ್ನು ತೋಡುವುದು ನೀರು. ಡಾಂಬರಿನ ಸಣ್ಣ ಬಿರುಕಿನಿಂದ ಇಳಿದ ನೀರು ಕೆಳಗಿನ ಜಲ್ಲಿಯನ್ನೂ ಮಣ್ಣನ್ನೂ ಸಡಿಲಿಸುತ್ತದೆ. ಅನಂತರ ಚಕ್ರ ಹಾದಾಗ ಆಸರೆಯಿಲ್ಲದ ಡಾಂಬರು ಕುಸಿಯುತ್ತದೆ. ತಳದ ಮಣ್ಣು ಒಣಗಿದ್ದರೆ ಅದೇ ಎಂಥ ಭಾರವನ್ನಾದರೂ ಹೊರಬಲ್ಲದೆಂದು ಸ್ಕಾಟ್ಲೆಂಡಿನ ಮೆಕ್‌ಆಡಮ್ ಇನ್ನೂರು ವರ್ಷಗಳ ಹಿಂದೆಯೇ ಸಾರಿದ್ದನು. ನಮ್ಮ ಸೀಮೆಗೆ ಮೇ ತಿಂಗಳಿನಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲೊಮ್ಮೆ ಜೋರು ಮಳೆ. ಕಾಡಿನಲ್ಲಿ ಮರದ ನೆರಳಿಗೆ ರಸ್ತೆ ಬೇಗ ಒಣಗದು. ಉದುರಿದ ಎಲೆ ಮೋರಿಯ ಬಾಯನ್ನು ಕಟ್ಟುತ್ತದೆ. ಚರಂಡಿ ತೆರೆಯದೆ ಗುಂಡಿ ಮುಚ್ಚುವುದು ತೂತುಮಡಕೆಗೆ ನೀರು ಹೊಯ್ದಂತೆಯೇ ಸರಿ.

ಇನ್ನು ಮುಚ್ಚುವ ಕ್ರಮ. ನಾವು ನಿತ್ಯ ಕಾಣುವುದು ಒಂದು ಬಾಣಲಿ ಮಣ್ಣನ್ನೋ ಜಲ್ಲಿಯನ್ನೋ ಸುರಿದು, ಮೇಲೆ ಸಲಿಕೆಯಿಂದ ನಾಲ್ಕು ಏಟು ಹಾಕುವುದನ್ನು. ಮುಂದಿನ ಮಳೆಗೆ ಅದು ಎದ್ದುಹೋಗುತ್ತದೆ. ಸರಿಯಾದ ಕ್ರಮವೇನೂ ದೊಡ್ಡ ರಹಸ್ಯವಲ್ಲ. ಗುಂಡಿಯ ಸುತ್ತಲಿನ ಸಡಿಲ ಭಾಗವನ್ನೆಲ್ಲ ಗಟ್ಟಿಯಾದ ಅಂಚು ಸಿಗುವವರೆಗೆ ಚೌಕವಾಗಿ, ಗೋಡೆ ನೆಟ್ಟಗಿರುವಂತೆ ಕತ್ತರಿಸಬೇಕು. ನೀರನ್ನೂ ಧೂಳನ್ನೂ ತೆಗೆದು ಶುಚಿಗೊಳಿಸಬೇಕು. ಗುಂಡಿ ಆಳವಾಗಿದ್ದರೆ ಮೊದಲು ಜಲ್ಲಿಯನ್ನು ಪದರ ಪದರವಾಗಿ ಹಾಕಿ ದಿಮ್ಮಸು ಹೊಡೆಯಬೇಕು. ಅನಂತರ ತಳಕ್ಕೂ ಗೋಡೆಗೂ ತೆಳ್ಳಗೆ ಡಾಂಬರು ಸವರಬೇಕು. ಕೊನೆಗೆ ಡಾಂಬರು ಬೆರೆತ ಜಲ್ಲಿಯನ್ನು ತುಸು ಉಬ್ಬುವಂತೆ ತುಂಬಿ, ಅಂಚಿನಿಂದ ನಡುವಿನ ಕಡೆಗೆ ಒತ್ತಿ ಸಮಮಾಡಬೇಕು.

ಕಾಡಿನ ನಡುವೆ ಡಾಂಬರು ಕಾಯಿಸುವ ಯಂತ್ರವನ್ನು ಹೂಡುವಂತಿಲ್ಲ. ದೂರದಿಂದ ತಂದ ಬಿಸಿ ಮಿಶ್ರಣ ದಾರಿಯಲ್ಲೇ ಆರಿದರೆ ಅದು ಒತ್ತಿದರೂ ಕೂರದು. ಇದಕ್ಕೂ ಪರಿಹಾರ ದೊರೆತಿದೆ. ಚೀಲದಲ್ಲಿ ತಿಂಗಳುಗಟ್ಟಲೆ ಕೆಡದಿರುವ, ಬೆಂಕಿಯ ಹಂಗಿಲ್ಲದೆ ತುಂಬಬಹುದಾದ ತಣ್ಣನೆಯ ಮಿಶ್ರಣವೊಂದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2014ರಲ್ಲಿ ತನ್ನ 116ನೆಯ ಸಂಹಿತೆಯ ಮೂಲಕ ಲಕ್ಷಣಗಳನ್ನು ನಿಗದಿಪಡಿಸಿತು. ಹತ್ತಿಪ್ಪತ್ತು ಚೀಲಗಳನ್ನು ಪುಣಜನೂರಿನಲ್ಲಿಯೇ ಇರಿಸಿ, ಊರಿನ ಮೂರು ನಾಲ್ಕು ಮಂದಿಗೆ ಕೆಲಸ ಕಲಿಸಿ ವರ್ಷವಿಡೀ ಸಂಬಳ ಕೊಟ್ಟರೆ, ಅಂಗೈಯಗಲದ ಗುಂಡಿ ಅಂಗಳದಗಲ ಆಗುವ ಮುನ್ನವೇ ಮುಚ್ಚಬಹುದು. ಬಿಡುವಿನಲ್ಲಿ ಅವರೇ ಮೋರಿಗಳ ಎಲೆ ತೆಗೆಯಬಹುದು. ಐದಾರು ವರ್ಷಕ್ಕೊಮ್ಮೆ ಹೊಸ ಡಾಂಬರು ಹಾಕಿಸಿ ಕಲ್ಲು ನೆಡುವ ಸಂಭ್ರಮಕ್ಕಿಂತ ಈ ಸಣ್ಣ ಕೆಲಸವೇ ಹೆಚ್ಚು ಫಲಕಾರಿಯೆಂದು ನನ್ನ ದೃಢವಾದ ಅಭಿಪ್ರಾಯ. ಆದರೆ ಇದಕ್ಕೆ ಉದ್ಘಾಟನೆಯಿಲ್ಲ, ಹಾರವಿಲ್ಲ. ಆದ್ದರಿಂದಲೇ ಕೇಳುವವರು ಬೇಕು.

ಕೇಳಬೇಕಾದವರು ನಾವೇ. ನಮ್ಮಲ್ಲಿ ಅನೇಕರು ಹಳ್ಳಿಗಳಿಂದ ಬಂದವರು. ಗ್ರಾಮಸಭೆಯಲ್ಲಿ ಅರ್ಜಿ ಬರೆಯುವ ಕೆಲಸ ಹೇಗೂ ನಮ್ಮ ಪಾಲಿಗೇ ಬರುತ್ತದೆ. ಮುಂದೆ ಬರೆಯುವಾಗ ‘ಗುಂಡಿ ಮುಚ್ಚಿಸಿ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳಬಾರದು. ‘ಚರಂಡಿ ತೆರೆಸಿ, ಅಂಚು ಕತ್ತರಿಸಿ, ಒಣಗಿಸಿ, ಒತ್ತಿಸಿ ಮುಚ್ಚಿಸಿ’ ಎಂದು ಬರೆಯೋಣ. ಕೆಲಸ ನಡೆಯುವ ದಿನ ಹತ್ತಿರ ನಿಂತು ನೋಡೋಣ.