ಜೈಲಿನಿಂದ ಬಂದವನಿಗೆ ಜಮಾಅತ್‌ನಲ್ಲಿ ಜಾಗ ಎಲ್ಲಿ?

ರಮಳಾನ್ ಬಂತೆಂದರೆ ಮಸೀದಿಯ ಪ್ರವಚನಗಳಲ್ಲಿ ಫುಳೈಲ್ ಬಿನ್ ಇಯಾಳ್(ರ)ರವರ ಕತೆ ಒಮ್ಮೆಯಾದರೂ ಬಂದೇ ಬರುತ್ತದೆ. ಅಬೀವರ್ದ್ ಮತ್ತು ಸರಖ್ಸ್ ಊರುಗಳ ನಡುವಿನ ದಾರಿಯಲ್ಲಿ ವ್ಯಾಪಾರಿಗಳನ್ನು ಸುಲಿಯುತ್ತಿದ್ದ ಮನುಷ್ಯ. ಒಂದು ರಾತ್ರಿ ಗೋಡೆ ಹತ್ತುವಾಗ ಯಾರೋ ಓದುತ್ತಿದ್ದ ಸೂರಃ ಅಲ್‌ಹದೀದ್‌ನ 16ನೇ ಆಯತ್ ಕಿವಿಗೆ ಬಿತ್ತು. ಇಳಿದು ಒಂದು ಪಾಳು ಕಟ್ಟಡಕ್ಕೆ ಹೋದರೆ, ಅಲ್ಲಿ ತಂಗಿದ್ದ ಪ್ರಯಾಣಿಕರು ‘ಈಗ ಹೊರಡುವುದು ಬೇಡ, ದಾರಿಯಲ್ಲಿ ಫುಳೈಲ್ ಇರುತ್ತಾನೆ’ ಎಂದು ಮಾತಾಡಿಕೊಳ್ಳುತ್ತಿದ್ದರಂತೆ. ತನ್ನ ಹೆಸರಿಗೆ ಜನ ಹೀಗೆ ನಡುಗುತ್ತಾರಲ್ಲ ಎಂದು ಅಲ್ಲೇ ತೌಬಾ ಮಾಡಿದರು. ಮುಂದೆ ದೊಡ್ಡ ಆಲಿಮ್ ಆಗಿ, ಹಿಜರಿ 187ರಲ್ಲಿ ಮಕ್ಕಾದಲ್ಲಿ ವಫಾತಾದರು.

ಕತೆ ಮುಗಿಯುವಾಗ ಸಭೆಯೆಲ್ಲ ಸುಬ್‌ಹಾನಲ್ಲಾಹ್ ಅನ್ನುತ್ತದೆ. ಸರಿ. ಆದರೆ ಅದೇ ಸಭೆಯಲ್ಲಿ ಕೊನೆಯ ಸಫ್‌ನಲ್ಲಿ ತಲೆ ತಗ್ಗಿಸಿ ಕೂತ ಹುಡುಗನ ಪಕ್ಕ ಒಂದು ಆಳಿನಷ್ಟು ಜಾಗ ಖಾಲಿ ಇರುತ್ತದಲ್ಲ, ಅದರ ಬಗ್ಗೆ ನಾವು ಮಾತಾಡುವುದಿಲ್ಲ. ಅವನು ಸುಲಿಗೆ ಕೇಸಿನಲ್ಲಿ ಒಳಗೆ ಹೋಗಿ ಬಂದವನು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲೂಕುಗಳಲ್ಲಿ ನಮ್ಮವರು ಕರಾವಳಿಯಿಂದ ಬಂದು ಅಂಗಡಿ, ಹೋಟೆಲ್, ಬೇಕರಿ ಇಟ್ಟುಕೊಂಡು ಬದುಕುವವರು. ಮನೆಗಳು ಕಡಿಮೆ, ಎಲ್ಲರಿಗೂ ಎಲ್ಲರೂ ಗೊತ್ತು. ಒಬ್ಬನ ಮೇಲೆ ಎಫ್‌ಐಆರ್ ಆದರೆ ಇಶಾ ನಮಾಝ್ ಮುಗಿಯುವುದರೊಳಗೆ ಅವನ ಫೋಟೋ ಎಲ್ಲ ಗ್ರೂಪಿಗೂ ಹೋಗಿರುತ್ತದೆ. ಹುಡುಗ 18 ತುಂಬದವನಾದರೆ ಹಾಗೆ ಅವನ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಫಾರ್ವರ್ಡ್ ಮಾಡುವವರು ಇದನ್ನೊಂದು ನೆನಪಿಟ್ಟುಕೊಳ್ಳಲಿ.

ನಮ್ಮ ಹುಡುಗರಿಗೂ ಕಾನೂನು ಗೊತ್ತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸರ ಕಿತ್ತುಕೊಂಡು ಓಡಿದರೆ 304ನೇ ಕಲಂ, 3 ವರ್ಷದವರೆಗೆ. ಅದೇ ಕೆಲಸಕ್ಕೆ ಚಾಕು ತೋರಿಸಿದರೆ ಸುಲಿಗೆ, 309ನೇ ಕಲಂ, 10 ವರ್ಷದವರೆಗೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ಹೆದ್ದಾರಿಯಲ್ಲಿ ಆದರೆ 14 ವರ್ಷದವರೆಗೂ ಹೋಗಬಹುದು. ನಮ್ಮ ಊರಿನ ಪಕ್ಕದಲ್ಲೇ ಬೆಂಗಳೂರು–ಮೈಸೂರು ಹೆದ್ದಾರಿ ಇದೆಯಲ್ಲ, ಅದಕ್ಕೇ ಹೇಳಿದೆ. ಐದು ಜನ ಸೇರಿದರೆ ಡಕಾಯಿತಿ, ಜೀವಾವಧಿವರೆಗೆ. ‘ನಾನು ಬರೀ ಬೈಕ್ ಸ್ಟಾರ್ಟ್ ಇಟ್ಟುಕೊಂಡು ನಿಂತಿದ್ದೆ ಉಸ್ತಾದ್’ ಎಂದರೆ ಲೆಕ್ಕದಲ್ಲಿ ಅವನೂ ಒಬ್ಬ.

ಶಿಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ತಪ್ಪು ಮಾಡಿದವನು ಅನುಭವಿಸಲಿ. ನಾನು ಕೇಳುವುದು ಅದಾದ ಮೇಲಿನ ಮಾತು.

ನಮ್ಮ ಯುವಕರ ಸ್ಟೇಟಸ್‌ಗಳಲ್ಲಿ ಮಾಲ್ಕಂ ಎಕ್ಸ್ ಫೋಟೋ ಆಗಾಗ ಕಾಣುತ್ತದೆ. ಕೋಟು, ಕನ್ನಡಕ, ಎತ್ತಿದ ಬೆರಳು. ಆ ಮನುಷ್ಯ 1946ರಲ್ಲಿ ಬೋಸ್ಟನ್ ಕಡೆ ಮನೆಗಳನ್ನು ಒಡೆದು ಕದ್ದ ಕೇಸಿನಲ್ಲಿ ಜೈಲಿಗೆ ಹೋದವನು ಎಂಬುದು ಎಷ್ಟು ಜನರಿಗೆ ಗೊತ್ತು? ಕದ್ದ ವಾಚನ್ನು ರಿಪೇರಿಗೆ ಕೊಟ್ಟು ಸಿಕ್ಕಿಬಿದ್ದ. ಆಗ ವಯಸ್ಸು 20. ಶಿಕ್ಷೆ 8ರಿಂದ 10 ವರ್ಷ, ಒಳಗಿದ್ದದ್ದು ಸುಮಾರು ಆರೂವರೆ ವರ್ಷ. ಜೈಲಿನಲ್ಲಿ ನಿಘಂಟನ್ನು ಮೊದಲ ಪುಟದಿಂದ ನಕಲು ಮಾಡಿ ಭಾಷೆ ಕಲಿತ. ಒಡಹುಟ್ಟಿದವರು ಕಾಗದ ಬರೆಯುವುದನ್ನು ಬಿಡಲಿಲ್ಲ. ಒಳ್ಳೆಯ ಗ್ರಂಥಾಲಯ ಇದ್ದ ಜೈಲಿಗೆ ವರ್ಗವಾಗಲಿ ಎಂದು ಅಕ್ಕ ಎಲ್ಲಾ ಓಡಾಡಿದಳು. 1952ರ ಆಗಸ್ಟ್‌ನಲ್ಲಿ ಪೆರೋಲ್ ಸಿಕ್ಕಾಗ ಅಣ್ಣ ವಿಲ್ಫ್ರೆಡ್ ಡೆಟ್ರಾಯಿಟ್‌ನಲ್ಲಿ ತಾನಿದ್ದ ಫರ್ನಿಚರ್ ಅಂಗಡಿಯಲ್ಲೇ ಕೆಲಸ ಕೊಡಿಸಿದ. ಮೊದಲು ಸೇರಿದ ಸಂಘಟನೆಯ ಅಖೀದ ನಮಗೆ ಒಪ್ಪುವಂಥದ್ದಲ್ಲ, 1964ರ ಹಜ್ಜ್‌ನಲ್ಲಿ ಅವನೇ ಅದನ್ನು ಬಿಟ್ಟು ಬಂದ. ಆದರೆ ನನ್ನ ಕಣ್ಣು ನಿಲ್ಲುವುದು ಆ ಫರ್ನಿಚರ್ ಅಂಗಡಿಯ ಮೇಲೆ. ಅದು ಇಲ್ಲದಿದ್ದರೆ ಸ್ಟೇಟಸ್‌ಗೆ ಹಾಕಲು ಫೋಟೋ ಇರುತ್ತಿತ್ತೇ?

ಅದೇ ಕಾಲದ ಬಾಕ್ಸರ್ ಸೋನಿ ಲಿಸ್ಟನ್ ಸುಲಿಗೆ ಕೇಸಿನಲ್ಲಿ ಒಳಗಿದ್ದಾಗಲೇ, ಜೈಲಿನ ಪಾದ್ರಿಯೊಬ್ಬರ ಪ್ರೋತ್ಸಾಹದಿಂದ ಬಾಕ್ಸಿಂಗ್ ಕಲಿತವನು. 1962ರಲ್ಲಿ ವಿಶ್ವ ಚಾಂಪಿಯನ್ ಆಗಿ ಫಿಲಡೆಲ್ಫಿಯಾದಲ್ಲಿ ವಿಮಾನ ಇಳಿದಾಗ ಸ್ವಾಗತಕ್ಕೆ ಜನ ಬಂದಿರಲಿಲ್ಲ. ಮುಹಮ್ಮದ್ ಅಲಿ ಸೋಲಿಸಿದ್ದು ಇವನನ್ನೇ. ಚಾಂಪಿಯನ್ ಆದರೂ ಮುದ್ರೆ ಅಳಿಸಿರಲಿಲ್ಲ.

ನಮ್ಮ ನಾಡಿನಲ್ಲಿ ನೋಡಿ. ಅಗ್ನಿ ಶ್ರೀಧರ್ ಬೆಂಗಳೂರಿನ ಭೂಗತ ಲೋಕದಲ್ಲಿದ್ದವರು. ಅದನ್ನು ಅವರೇ ‘ದಾದಾಗಿರಿಯ ದಿನಗಳು’ ಎಂದು ಬರೆದರು, ಪತ್ರಿಕೆ ನಡೆಸಿದರು. ಅದರಿಂದ ‘ಆ ದಿನಗಳು’ ಸಿನಿಮಾ 2007ರಲ್ಲಿ ಬಂತು, ಚಿತ್ರಕತೆಗೆ ಗಿರೀಶ್ ಕಾರ್ನಾಡರಂಥವರು ಕೂತರು. ಹಿಂದಿನದನ್ನು ಮುಚ್ಚಿಡದೆ ಪೆನ್ನು ಹಿಡಿದದ್ದು ಸಣ್ಣ ವಿಷಯವಲ್ಲ. ಆದರೆ ನನಗೊಂದು ತಕರಾರಿದೆ. ಇಂಥ ಸಿನಿಮಾ ನೋಡಿದ ಹದಿನಾರು ವರ್ಷದ ಹುಡುಗರಿಗೆ ಪೆನ್ನು ಕಾಣುವುದಿಲ್ಲ, ಲಾಂಗು ಮಾತ್ರ ಕಾಣುತ್ತದೆ.

ಅದಕ್ಕಿಂತ ನನಗೆ ಇಷ್ಟವಾದದ್ದು ಮೈಸೂರು ಸೆಂಟ್ರಲ್ ಜೈಲಿನ ನಾಟಕಗಳು. ಶ್ರೀರಂಗಪಟ್ಟಣದಿಂದ ಅರ್ಧ ಗಂಟೆಯ ದಾರಿ. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಅಲ್ಲಿನ ಕೈದಿಗಳಿಗೆ ನಾಟಕ ಕಲಿಸಿದರು. ಎಚ್.ಎಸ್. ಶಿವಪ್ರಕಾಶರು ಶೇಕ್ಸ್‌ಪಿಯರನ ಮ್ಯಾಕ್‌ಬೆತ್‌ನಿಂದ ಕನ್ನಡಕ್ಕೆ ತಂದ ಮಾರನಾಯಕನ ನಾಟಕವನ್ನು ಕೈದಿಗಳೇ ಆಡಿದರು. ಕೊಲೆ ಮಾಡಿದವನಿಗೆ ನಿದ್ದೆ ಹತ್ತದ ಕತೆ ಅದು. ಕೊಲೆ ಕೇಸಿನಲ್ಲಿ ಒಳಗಿರುವವರು ಅದನ್ನು ಜನರ ಮುಂದೆ ನಿಂತು ಆಡಬೇಕೆಂದರೆ ಎಷ್ಟು ಗಟ್ಟಿ ಗುಂಡಿಗೆ ಬೇಕು! ಕಲಬುರಗಿ ಜಿಲ್ಲೆಯ ಒಬ್ಬರು ಎಂಬಿಬಿಎಸ್ ಓದುವಾಗ ಕೊಲೆ ಕೇಸಿನಲ್ಲಿ ಜೈಲಿಗೆ ಹೋಗಿ, 2016ರಲ್ಲಿ ಸನ್ನಡತೆಯ ಮೇಲೆ ಬಿಡುಗಡೆಯಾಗಿ, ಬಿಟ್ಟ ಓದು ಮುಗಿಸಿ ಡಾಕ್ಟರಾದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಕಾಲೇಜು ಅವರನ್ನು ವಾಪಸ್ ಸೇರಿಸಿಕೊಂಡಿತು, ಅದಕ್ಕೇ ಡಾಕ್ಟರಾದರು.

ನಮ್ಮಲ್ಲಿ ಏನಾಗುತ್ತದೆ? ಹುಡುಗ ಜಾಮೀನಿನಲ್ಲಿ ಬಂದ ಕೂಡಲೇ ಮನೆಯವರು ‘ಗಲ್ಫ್‌ಗೆ ಕಳಿಸಿಬಿಡೋಣ’ ಅನ್ನುತ್ತಾರೆ. ಕೇಸ್ ಕೋರ್ಟಿನಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು, ಕೋರ್ಟಿನ ಅನುಮತಿ ತರಬೇಕು. ಇಂಥ ಅಪರಾಧದಲ್ಲಿ 2 ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ಮುಂದಿನ 5 ವರ್ಷ ಕಷ್ಟವೇ. ಆಮೇಲೆ ಮುಂಬೈ. ಕೆ.ಆರ್. ಪೇಟೆಯವರಿಗೆ ಮುಂಬೈ ಹೊಸದಲ್ಲ. ಆದರೆ ಅಲ್ಲಿ ಅವನನ್ನು ಕೇಳುವವರು ಯಾರು? ಹಳೆಯ ಜೊತೆಗಾರರೇ. ಇಲ್ಲಿ ಊರಿನಲ್ಲೇ ಇರುತ್ತೇನೆ ಎಂದರೆ ಕೆಲಸವಿಲ್ಲ, ಬಾಡಿಗೆ ಮನೆ ಇಲ್ಲ. ಅವನ ತಂಗಿಗೆ ಸಂಬಂಧ ಬಂದರೆ ಯಾರೋ ಒಬ್ಬ ಕಾಕ ಫೋನ್ ಮಾಡಿ ‘ಅಣ್ಣನ ವಿಷಯ ಗೊತ್ತಲ್ಲ’ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಆ ಹುಡುಗಿ ಏನು ಕದ್ದಿದ್ದಳು?

ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ಮಾಡಿ ಇಡೀ ಜಾತಿಗಳನ್ನೇ ಹುಟ್ಟು ಕಳ್ಳರೆಂದು ಬರೆದಿಟ್ಟಿದ್ದರು. ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಹಾಕಿದ ಸೆಟ್ಲ್‌ಮೆಂಟ್ ಇತ್ತು. ಆ ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ಕ್ಕೆ, ಮಾಲ್ಕಂ ಹೊರಗೆ ಬಂದ ತಿಂಗಳೇ. ಒಬ್ಬ ಮುಸ್ಲಿಂ ಹುಡುಗ ಸಿಕ್ಕಿಬಿದ್ದರೆ ಇಡೀ ಸಮುದಾಯವನ್ನು ದೂರುತ್ತಾರೆ ಎಂದು ನಾವು ನೋಯುತ್ತೇವೆ. ನೋವು ನಿಜ. ಹಾಗಿದ್ದ ಮೇಲೆ ಅಣ್ಣನ ಕೇಸನ್ನು ತಂಗಿಯ ತಲೆಗೆ ಕಟ್ಟಲು ನಮಗೆ ಹೇಗೆ ಮನಸ್ಸು ಬರುತ್ತದೆ?

ಇನ್ನೊಂದು ಪಕ್ಷವೂ ಇದೆ, ಅದನ್ನು ನಾವು ಮರೆತೇಬಿಡುತ್ತೇವೆ: ಸರ ಕಳೆದುಕೊಂಡ ಹೆಂಗಸು. ಕುತ್ತಿಗೆಯ ಗಾಯ ಆರಿದರೂ ಸಂಜೆ ಒಬ್ಬಳೇ ಹೊರಗೆ ಹೋಗಲು ಹೆದರುವವಳು. ಇಮಾಂ ನವವಿ(ರ) ರಿಯಾಳುಸ್ಸಾಲಿಹೀನ್‌ನಲ್ಲಿ ತೌಬಾದ ಷರತ್ತುಗಳನ್ನು ಹೇಳುವಾಗ, ಪಾಪ ಬಿಡುವುದು, ಪಶ್ಚಾತ್ತಾಪ, ಮತ್ತೆ ಮಾಡೆನೆಂಬ ನಿಶ್ಚಯ ಇವಿಷ್ಟಕ್ಕೆ ನಿಲ್ಲಿಸುವುದಿಲ್ಲ. ಇನ್ನೊಬ್ಬರ ಹಕ್ಕು ಸೇರಿದ್ದರೆ ಅದನ್ನು ವಾಪಸ್ ಕೊಡಬೇಕು. ಅವಳು ಯಾವ ಧರ್ಮದವಳಾದರೂ ಹಕ್ಕು ಹಕ್ಕೇ. ಐದು ವಖ್ತ್ ಮಸೀದಿಗೆ ಬಂದು ಅತ್ತರೆ ಆ ಚಿನ್ನದ ಲೆಕ್ಕ ತೀರುವುದಿಲ್ಲ. ಕೊಟ್ಟರೂ ಕೇಸ್ ಮುಗಿಯುವುದಿಲ್ಲ, ಸುಲಿಗೆ ಕೇಸ್ ರಾಜಿಯಾಗುವಂಥದ್ದಲ್ಲ. ಆದರೂ ವಕೀಲರ ಮೂಲಕ, ಕೋರ್ಟಿಗೆ ತಿಳಿಸಿಯೇ ಕೊಡಬೇಕು.

ಕೊಡಬೇಕೆಂದರೆ ಅವನಿಗೆ ದುಡಿಮೆ ಬೇಕು. ಇಲ್ಲಿಗೇ ಬಂದು ನಿಲ್ಲುತ್ತದೆ ನೋಡಿ. ನಮ್ಮ ಜಮಾಅತ್ ಕಮಿಟಿಗಳಲ್ಲಿ ಅಂಗಡಿ ಮಾಲಕರೇ ಹೆಚ್ಚು. ಕ್ಯಾಶ್ ಕೌಂಟರಿನಲ್ಲಿ ಕೂರಿಸಿ ಎಂದು ನಾನು ಹೇಳುವುದಿಲ್ಲ, ಅಷ್ಟು ಮುಗ್ಧನಲ್ಲ. ಗೋಡೌನಿನಲ್ಲಿ, ಬೇಕರಿ ಒಲೆಯ ಹತ್ತಿರ, ಲೋಡಿಂಗ್‌ನಲ್ಲಿ ಆರು ತಿಂಗಳು ನೋಡಿ. ಸಂಬಳದಲ್ಲಿ ಒಂದು ಪಾಲು ಆ ಹೆಂಗಸಿನ ಹೆಸರಿಗೆ ಎತ್ತಿಡಿ, ಲೆಕ್ಕ ಕಮಿಟಿಯ ಬಳಿ ಇರಲಿ. ಒಳಗಿರುವವನಿಗೆ ವಕೀಲ ಇಲ್ಲದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಕಸ್ಟಡಿಯಲ್ಲಿರುವವರಿಗೆ 1987ರ ಕಾಯ್ದೆಯಂತೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಎಷ್ಟೋ ಉಮ್ಮಂದಿರು ಇದು ತಿಳಿಯದೆ ಕಿವಿಯ ಓಲೆ ಅಡವಿಟ್ಟು ಫೀಸು ಕಟ್ಟುತ್ತಾರೆ.

ಮುಂದಿನ ಜುಮಾದ ನಂತರ ಕಮಿಟಿ ಸಭೆ ಇದ್ದರೆ, ಬಣ್ಣ ಬಳಿಯುವ, ಮೈಕ್ ಸೆಟ್ ಬದಲಿಸುವ ವಿಷಯಗಳ ಜೊತೆ ಇದನ್ನೂ ಒಂದು ವಿಷಯವಾಗಿ ಬರೆದುಕೊಳ್ಳಿ. ಹೆಸರು ಓದಬೇಡಿ. ಯಾರ ಅಂಗಡಿಯಲ್ಲಿ ಜಾಗ ಇದೆ ಎಂದಷ್ಟೇ ಕೇಳಿ.